ಪ್ರಾಚೀನ ವಿದ್ಯಾಸ್ಥಾನಗಳಲ್ಲಿ ಆರೋಗ್ಯರಕ್ಷೆಯ ವ್ಯವಸ್ಥೆ

ಭರತಖಂಡದ ಪ್ರಾಚೀನ ವಿದ್ಯಾಸ್ಥಾನಗಳನ್ನು ಕುರಿತು ವಿದ್ವಾಂಸರಲ್ಲಿ ಬಹಳ ಕಾಲದಿಂದ ವಿಚಾರ ನಡೆದುಬಂದಿದೆ. ನಾಲಂದಾ, ವಲಭೀ, ವಿಕ್ರಮಶಿಲಾ ಮೊದಲಾದ ಮಹಾವಿಹಾರಗಳಲ್ಲಿಯೂ, ದಕ್ಷಿಣದೇಶದ ಘಟಿಕಾಸ್ಥಾನ, ಅಗ್ರಹಾರ, ಬ್ರಹ್ಮಪುರಿ, ಮಠಗಳಲ್ಲಿಯೂ ಯಾವ ಯಾವ ಶಾಸ್ತ್ರಗಳ ಪಾಠ ನಡೆಯುತ್ತಿದ್ದಿತು, ಉಪಾಧ್ಯಾಯರೆಷ್ಟು, ಛಾತ್ರರೆಷ್ಟು, ಭೂಮಿಯ ಉತ್ಪನ್ನವೆಷ್ಟು ಎಂಬಿವೆಲ್ಲ ಶಾಸನಗಳಿಂದಲೂ ಯಾತ್ರಿಕರ ಗ್ರಂಥಗಳಿಂದಲೂ ಸಂಗ್ರಹಿಸಲ್ಪಟ್ಟಿವೆ. ಆದರೆ ನೂರಾರು ಮಂದಿ ತರುಣರು ಒಂದೇ ಆವರಣದೊಳಗೆ ವರ್ಷಗಟ್ಟಲೆ ವಾಸಮಾಡುತ್ತಿದ್ದಾಗ ಅವರು ಕುಡಿಯುವ ನೀರನ್ನು ಯಾರು ತರುತ್ತಿದ್ದರು, ಜ್ವರ ಬಂದವನ ಬಳಿ ರಾತ್ರಿ ಯಾರು ಕುಳಿತಿರುತ್ತಿದ್ದರು, ಔಷಧಕ್ಕೆ ಬೇಕಾದ ಬೇರುನಾರುಗಳು ಎಲ್ಲಿಂದ ಬರುತ್ತಿದ್ದುವು, ಕಟ್ಟಡಕ್ಕೆ ಬೆಂಕಿ ಬಿದ್ದರೆ ಗತಿಯೇನು ಎಂಬ ಪ್ರಶ್ನೆಗಳಿಗೆ ಅಷ್ಟಾಗಿ ಗಮನ ದೊರೆತಿಲ್ಲ. ಪಾಠಕ್ರಮವನ್ನು ಹೇಳುವ ಶಾಸನಪಂಕ್ತಿಯನ್ನು ಎತ್ತಿಕೊಂಡು, ಅದೇ ಶಾಸನದಲ್ಲಿ ನೀರು ತರುವವನಿಗೆ ಗೊತ್ತುಮಾಡಿದ ಬತ್ತದ ಮಾತನ್ನು ಬಿಟ್ಟುಬಿಡುವುದು ವಾಡಿಕೆಯಾಗಿಹೋಗಿದೆ. ಈ ಬಿಡುವಿಕೆಯಿಂದ ಇತಿಹಾಸಕ್ಕೆ ಉಂಟಾಗಿರುವ ನಷ್ಟ ಅಲ್ಪವಾದುದಲ್ಲ. ಪೂರ್ವಿಕರು ಆತ್ಮಚಿಂತನೆಯಲ್ಲಿ ಮುಳುಗಿ ಶರೀರವನ್ನು ಮರೆತಿದ್ದರೆಂದು ಒಂದು ಪಕ್ಷದವರೂ, ಅವರಲ್ಲಿ ಇಂದಿನ ವೈದ್ಯಾಲಯಗಳೆಲ್ಲ ಇದ್ದುವೆಂದು ಮತ್ತೊಂದು ಪಕ್ಷದವರೂ ಹೇಳುತ್ತಿರುವುದಕ್ಕೆ ಈ ಅನವಧಾನವೇ ಕಾರಣ.

ಸಾಧನಗಳನ್ನು ನಿಷ್ಪಕ್ಷಪಾತವಾಗಿ ನೋಡಿದರೆ, ವಿದ್ಯಾಸ್ಥಾನದ ಆರೋಗ್ಯವನ್ನು ಕಾಪಾಡುವುದಕ್ಕೆ ಎರಡು ಮಾರ್ಗಗಳಿದ್ದುವೆಂದು ತಿಳಿದುಬರುತ್ತದೆ. ಒಂದು ಆಚಾರ, ಎಂದರೆ ಅಲ್ಲಿ ವಾಸಿಸುವ ಪ್ರತಿಯೊಬ್ಬನೂ ದಿನದಿನವೂ ತಪ್ಪದೆ ನಡೆಸಬೇಕಾದ ನಿಯಮ. ಮತ್ತೊಂದು ವೃತ್ತಿ, ಎಂದರೆ ಗೊತ್ತಾದ ಕೆಲಸಕ್ಕೆ ಗೊತ್ತಾದ ಮನುಷ್ಯನನ್ನು ನೇಮಿಸಿ ಅವನ ಜೀವನಕ್ಕೆ ಗೊತ್ತಾದ ಪ್ರಮಾಣದ ಧಾನ್ಯವನ್ನೋ ಭೂಮಿಯನ್ನೋ ಬಿಡುವುದು. ಮೊದಲನೆಯದಕ್ಕೆ ನಾಲಂದೆಯೂ ಎರಡನೆಯದಕ್ಕೆ ಚೋಳದೇಶದ ತಿರುಮುಕ್ಕೂಡಲೂ ಉತ್ತಮ ನಿದರ್ಶನಗಳು. ಈ ಎರಡರಲ್ಲಿ ಒಂದೂ ಇಲ್ಲದೆ ಬರಿಯ ದಯೆಯನ್ನು ನಂಬಿದ ಕಡೆ ಆರೋಗ್ಯರಕ್ಷೆ ನಿಂತಿತೆಂಬುದಕ್ಕೆ ಪ್ರಮಾಣ ಕಾಣುವುದಿಲ್ಲ.

ಶಾಸ್ತ್ರಕಾರರಿಗೂ ಈ ವಿಷಯ ತಿಳಿಯದುದಾಗಿರಲಿಲ್ಲ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ದ್ರವ್ಯ, ಉಪಸ್ಥಾತೃ ಎಂದರೆ ಪರಿಚಾರಕ, ರೋಗಿ. ಪರಿಚಾರಕನನ್ನು ವೈದ್ಯನೊಡನೆ ಒಂದೇ ಸಾಲಿನಲ್ಲಿ ಎಣಿಸಿರುವುದು ಗಮನಾರ್ಹ. ಅದೇ ಗ್ರಂಥದ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ರೋಗಿಯ ಗೃಹವು ಹೇಗಿರಬೇಕೆಂಬುದು ವಿಸ್ತಾರವಾಗಿ ನಿರೂಪಿತವಾಗಿದೆ. ಮನೆ ದೃಢವಾಗಿರಬೇಕು, ಬಿರುಗಾಳಿ ಒಳನುಗ್ಗದಿದ್ದರೂ ಒಂದು ಕಡೆಯಿಂದ ಗಾಳಿ ಸಂಚರಿಸುತ್ತಿರಬೇಕು, ಹೊಗೆ, ಬಿಸಿಲು, ನೀರು, ಧೂಳು ಹೊಗಬಾರದು, ಶೌಚಸ್ಥಾನ, ಸ್ನಾನಗೃಹ, ಅಡುಗೆಮನೆಗಳು ಅದಕ್ಕೆ ಸೇರಿರಬೇಕು. ಇಷ್ಟನ್ನೂ ಚಿಕಿತ್ಸೆಯ ಮೊದಲೇ ಒದಗಿಸಿಕೊಳ್ಳಬೇಕೆಂಬುದು ಆ ಅಧ್ಯಾಯದ ಮುಖ್ಯಾಭಿಪ್ರಾಯ. ಅಂಗಡಿ ಹತ್ತಿರವೇ ಇದ್ದರೂ ಆಪತ್ತು ಬಂದ ಗಳಿಗೆಯಲ್ಲಿ ಔಷಧವನ್ನು ಕೂಡಿಸುವುದು ಸುಲಭವಲ್ಲವೆಂದು ಚರಕನು ಎಚ್ಚರಿಸುತ್ತಾನೆ. ಈ ಮಾತನ್ನು ತಿರುಮುಕ್ಕೂಡಲಿನ ಸಂಸ್ಥಾಪಕರು ಎಷ್ಟು ಚೆನ್ನಾಗಿ ಮನಗಂಡಿದ್ದರೆಂಬುದು ಮುಂದೆ ವ್ಯಕ್ತವಾಗುವುದು.

ಬೌದ್ಧರ ವಿನಯಪಿಟಕದಲ್ಲಿ ಬರುವ ಪ್ರಸಂಗವೊಂದು ಇಲ್ಲಿ ಉಲ್ಲೇಖಾರ್ಹ. ಅತಿಸಾರದಿಂದ ನೆಲದಲ್ಲಿ ಬಿದ್ದಿದ್ದ ಭಿಕ್ಷುವೊಬ್ಬನನ್ನು ಬುದ್ಧನೂ ಆನಂದನೂ ತಮ್ಮ ಕೈಯಿಂದಲೇ ತೊಳೆದು ಮಂಚದ ಮೇಲೆ ಮಲಗಿಸಿದರೆಂಬ ಕಥೆ ಮಹಾವಗ್ಗದಲ್ಲಿದೆ. ಇದನ್ನು ಕರುಣೆಯ ದೃಷ್ಟಾಂತವಾಗಿ ಹೇಳುವವರು ಬಹುಮಂದಿ. ಆದರೆ ಕಥೆಯ ತಿರುಳು ಆಮೇಲೆ ಬರುವ ವಿಧಿಯಲ್ಲಿದೆ. ಆ ಭಿಕ್ಷುವಿನಿಂದ ಇತರರಿಗೆ ಯಾವ ಉಪಯೋಗವೂ ಇರಲಿಲ್ಲವಾದುದರಿಂದ ಅವನನ್ನು ಯಾರೂ ನೋಡಲಿಲ್ಲವೆಂಬುದು ವಿಚಾರಣೆಯಲ್ಲಿ ತಿಳಿಯಿತು. ಅಂದಿನಿಂದ ರೋಗಿಯಾದವನನ್ನು ಅವನ ಉಪಾಧ್ಯಾಯನು ನೋಡಬೇಕು, ಆಚಾರ್ಯನು ನೋಡಬೇಕು, ಶಿಷ್ಯನು ನೋಡಬೇಕು, ಸಹವಾಸಿಯು ನೋಡಬೇಕು, ಇವರಾರೂ ಇಲ್ಲವಾದರೆ ಸಂಘವೇ ನೋಡಬೇಕು, ನೋಡದಿದ್ದರೆ ದೋಷವೆಂದು ಕ್ರಮ ಏರ್ಪಟ್ಟಿತು. ಪರಿಚಾರಕನಿಗೆ ಇರಬೇಕಾದ ಐದು ಗುಣಗಳೂ ಅಲ್ಲಿಯೇ ಹೇಳಲ್ಪಟ್ಟಿವೆ. ಔಷಧವನ್ನು ಸಿದ್ಧಪಡಿಸಬಲ್ಲವನಾಗಿರುವುದು ಮೊದಲನೆಯದು, ಮಲಮೂತ್ರವಮನಗಳನ್ನು ತೆಗೆಯುವುದಕ್ಕೆ ಹೇಸದಿರುವುದೂ ಅವುಗಳಲ್ಲೊಂದು. ಒಬ್ಬರಲ್ಲದಿದ್ದರೆ ಇನ್ನೊಬ್ಬರೆಂದು ಹೊಣೆಯನ್ನು ಕಟ್ಟುವ ಈ ಕ್ರಮವೇ ಮುಂದೆ ಮಹಾವಿಹಾರಗಳ ಆರೋಗ್ಯವ್ಯವಸ್ಥೆಗೆ ತಳಹದಿಯಾಯಿತು.

ಆ ತಳಹದಿಯ ಮೇಲೆ ಎದ್ದ ಕಟ್ಟಡವನ್ನು ಕಣ್ಣಾರೆ ನೋಡಿ ಬರೆದವನು ಚೀನದೇಶದ ಇತ್ಸಿಂಗ್. ಇವನು ಕ್ರಿ. ಶ. 671ರಲ್ಲಿ ಸ್ವದೇಶದಿಂದ ಸಮುದ್ರಮಾರ್ಗವಾಗಿ ಹೊರಟು 673ರಲ್ಲಿ ತಾಮ್ರಲಿಪ್ತಿಯನ್ನು ಸೇರಿ, ನಾಲಂದೆಯಲ್ಲಿ ಸುಮಾರು ಹತ್ತು ವರ್ಷ ವ್ಯಾಸಂಗಮಾಡಿದನು. ಭಾರತದ ಭಿಕ್ಷುಗಳ ಆಚಾರಗಳನ್ನು ಕುರಿತು ಅವನು ಬರೆದ ಗ್ರಂಥದಲ್ಲಿ 40 ಅಧ್ಯಾಯಗಳಿವೆ. ತತ್ತ್ವವಿಚಾರವನ್ನು ಅರಸಿ ಆ ಗ್ರಂಥವನ್ನು ತೆರೆದವನಿಗೆ ನಿರಾಶೆಯಾದೀತು. ನೀರಿನ ಪಾತ್ರೆ, ಹಲ್ಲುಜ್ಜುವ ಕಡ್ಡಿ, ಊಟದ ಪೀಠ, ಶೌಚ, ಸ್ನಾನ, ನಡಿಗೆ, ಅಜೀರ್ಣ ಎಂಬಿವೇ ಅಧ್ಯಾಯದ ಮೇಲೆ ಅಧ್ಯಾಯವಾಗಿ ಬರುತ್ತವೆ. ಹ್ಯುಯೆನ್ ತ್ಸಾಂಗನ ಗ್ರಂಥಕ್ಕೆ ದೊರೆತ ಕೀರ್ತಿ ಇದಕ್ಕೆ ದೊರೆಯದಿರುವುದು ಪ್ರಾಯಶಃ ಈ ಕಾರಣದಿಂದಲೇ. ಪ್ರಕೃತ ವಿಷಯಕ್ಕೆ ಮಾತ್ರ ಇದಕ್ಕಿಂತ ಮೇಲಾದ ಸಾಧನವಿಲ್ಲ.

ಇತ್ಸಿಂಗನು ಹೇಳುವಂತೆ ಪ್ರತಿಯೊಬ್ಬ ಭಿಕ್ಷುವೂ ಎರಡು ನೀರಿನ ಪಾತ್ರೆಗಳನ್ನು ಇಟ್ಟುಕೊಂಡಿರಬೇಕು. ಕುಡಿಯುವ ಶುದ್ಧಜಲಕ್ಕೆ ಮಣ್ಣಿನದು, ಕೈಕಾಲು ತೊಳೆಯುವ ನೀರಿಗೆ ಲೋಹದ್ದು. ಒಂದರ ನೀರು ಇನ್ನೊಂದಕ್ಕೆ ಬೆರೆಯಕೂಡದು. ಪಾತ್ರೆಗಳ ಆಕಾರದ್ರವ್ಯಗಳೇ ಬೇರೆಬೇರೆಯಾದುದರಿಂದ ಕತ್ತಲೆಯಲ್ಲಿ ಮುಟ್ಟಿದರೂ ತಪ್ಪಾಗುವ ಸಂಭವ ಕಡಮೆ. ನೀರನ್ನು ಪ್ರತಿದಿನ ಬೆಳಗ್ಗೆ ಪರೀಕ್ಷಿಸಿ ನಯವಾದ ಬಟ್ಟೆಯಿಂದ ಸೋಸಬೇಕು. ಈ ಸೋಸುವಿಕೆಯ ಉದ್ದೇಶ ನೀರಿನ ಕ್ರಿಮಿಗಳಿಗೆ ಹಿಂಸೆಯಾಗದಿರಲೆಂಬುದೇ ಹೊರತು ಕುಡಿಯುವವನ ಆರೋಗ್ಯವಲ್ಲವೆಂದು ಆಕ್ಷೇಪಿಸಬಹುದು. ಉದ್ದೇಶ ಯಾವುದಾದರೂ ಫಲ ಕುಡಿಯುವವನಿಗೂ ದೊರೆಯುತ್ತಿದ್ದಿತು. ಧರ್ಮವೆಂದು ಮಾಡಿದ ಕೆಲಸವನ್ನು ಜನರು ಆರೋಗ್ಯವೆಂದು ಮಾಡಿದ್ದಕ್ಕಿಂತ ಹೆಚ್ಚು ನಿಷ್ಠೆಯಿಂದ ನಡೆಸುವರೆಂಬುದೂ ಲೋಕಾನುಭವ. ಊಟಕ್ಕೆ ಕುಳಿತುಕೊಳ್ಳುವಾಗ ಒಬ್ಬನಿಗೂ ಇನ್ನೊಬ್ಬನಿಗೂ ನಡುವೆ ಒಂದು ಮೊಳದ ಅಂತರವಿರಬೇಕು. ಊಟದ ಅನಂತರ ಹಲ್ಲನ್ನೂ ಬಾಯನ್ನೂ ತೊಳೆಯದೆ ಒಬ್ಬರನ್ನೊಬ್ಬರು ಮುಟ್ಟಕೂಡದು.

ನಾಲಂದೆಯ ಸ್ನಾನಕ್ರಮವನ್ನು ಅವನು ವಿಶೇಷವಾಗಿ ವರ್ಣಿಸುತ್ತಾನೆ. ವಿಹಾರದ ಸುತ್ತಲೂ ಹತ್ತಕ್ಕೂ ಹೆಚ್ಚು ದೊಡ್ಡ ಕೊಳಗಳಿದ್ದುವು. ಬೆಳಗ್ಗೆ ಗಂಟೆ ಬಾರಿಸಿದೊಡನೆ ಭಿಕ್ಷುಗಳು ಸ್ನಾನವಸ್ತ್ರವನ್ನು ತೆಗೆದುಕೊಂಡು ಒಮ್ಮೆ ನೂರು ಮಂದಿ, ಒಮ್ಮೆ ಸಾವಿರ ಮಂದಿ ಹೊರಟು ನಾಲ್ಕು ದಿಕ್ಕಿನ ಕೊಳಗಳಿಗೂ ಹಂಚಿಹೋಗುತ್ತಿದ್ದರು. ಸ್ನಾನ ಊಟಕ್ಕೆ ಮೊದಲೇ ಆಗಬೇಕು. ಉಂಡ ಮೇಲೆ ಮಾಡುವುದು ವೈದ್ಯಶಾಸ್ತ್ರಕ್ಕೆ ವಿರುದ್ಧ. ವಾಗ್ಭಟನ ಅಷ್ಟಾಂಗಹೃದಯದಲ್ಲಿಯೂ ಇದೇ ನಿಷೇಧವಿರುವುದು ಆಯುರ್ವೇದವನ್ನು ಬಲ್ಲವರಿಗೆ ವಿದಿತವೇ ಆಗಿದೆ. ಆ ಕಾಲದಲ್ಲಿ ನಾಲಂದೆಯ ನಿವಾಸಿಗಳು ಮೂರು ಸಾವಿರಕ್ಕೂ ಮೀರಿದ್ದರೆಂದು ಇತ್ಸಿಂಗನೇ ಬರೆದಿದ್ದಾನೆ. ಅಷ್ಟು ಜನರು ಒಂದೇ ಕೊಳದಲ್ಲಿ ಮೀಯುವಂತಿದ್ದರೆ ನೀರಿನ ಗತಿ ಏನಾಗುತ್ತಿದ್ದಿತೆಂಬುದನ್ನು ಊಹಿಸಿಕೊಳ್ಳಬಹುದು. ಹೊತ್ತನ್ನು ಅಳೆಯುವುದಕ್ಕೆ ತೂತುಳ್ಳ ತಾಮ್ರದ ಬಟ್ಟಲನ್ನು ನೀರಿನಲ್ಲಿ ತೇಲಬಿಡುವ ಘಟಿಕಾಯಂತ್ರವೂ, ಅದನ್ನು ಕಾಯುವ ಹುಡುಗರೂ ರಾಜರ ದಾನವಾಗಿ ಬಂದಿದ್ದುವು. ಇದರಿಂದ ಆಚಾರವೆಂಬುದು ಕೂಡ ಬರಿಯ ಉಪದೇಶದಿಂದ ನಡೆಯಲಿಲ್ಲವೆಂಬುದು ಸ್ಪಷ್ಟ. ಗಂಟೆಗೂ ಘಟಿಕೆಗೂ ಆಳುಗಳು ಬೇಕಾಗಿದ್ದರು.

ರೋಗದ ವಿಷಯದಲ್ಲಿಯೂ ನಿಯಮಗಳಿದ್ದುವು. ಬೆಳಗ್ಗೆ ಎದ್ದೊಡನೆ ತನ್ನ ದೇಹದಲ್ಲಿ ಧಾತುಗಳು ಸಮವಾಗಿವೆಯೇ ಎಂದು ನೋಡಿಕೊಂಡು, ಭಾರವೆನಿಸಿದರೆ ಉಪವಾಸ ಮಾಡಬೇಕು. ಪೂರ್ವಾಹ್ಣ ಅಪರಾಹ್ಣಗಳಲ್ಲಿ ನಡೆದಾಡಬೇಕು. ಶಿಷ್ಯನು ರೋಗಿಯಾದರೆ ಗುರುವೇ ಔಷಧವನ್ನು ಒದಗಿಸಿ ಮಗನನ್ನು ನೋಡುವಂತೆ ನೋಡಬೇಕು. ಮೃತನಾದ ಭಿಕ್ಷುವಿನ ಸ್ವತ್ತಿನ ವಿಭಾಗವನ್ನು ಹೇಳುವ ಅಧ್ಯಾಯದಲ್ಲಿ ಒಂದು ಸಣ್ಣ ಮಾತು ಬರುತ್ತದೆ: ಅವನಲ್ಲಿದ್ದ ಔಷಧದ್ರವ್ಯಗಳನ್ನು ಯಾರಿಗೂ ಹಂಚದೆ ಸಂಘದ ಭಂಡಾರದಲ್ಲಿಟ್ಟು, ರೋಗಿಗಳಿಗೆ ಬೇಕಾದಾಗ ಕೊಡತಕ್ಕದ್ದು. ವೈಯಕ್ತಿಕವಾದ ಔಷಧವು ಸಾಮುದಾಯಿಕವಾಗುವ ಈ ವಿಧಿ ಇತರ ಎಷ್ಟೋ ದೊಡ್ಡ ಮಾತುಗಳಿಗಿಂತ ಬೆಲೆಯುಳ್ಳದ್ದು. ಪಾಟಲಿಪುತ್ರದ ಕುಮ್ರಾಹಾರದಲ್ಲಿ 1951ರಿಂದ 1955ರವರೆಗೆ ನಡೆದ ಭೂಶೋಧನೆಯಲ್ಲಿ ಆರೋಗ್ಯವಿಹಾರದ ಭಿಕ್ಷುಸಂಘದ ಹೆಸರುಳ್ಳ ಮುದ್ರೆ ದೊರೆತುದರಿಂದ, ಇಂಥ ವ್ಯವಸ್ಥೆ ನಾಲಂದೆಗೆ ಮೊದಲೇ ಮಗಧದಲ್ಲಿ ಬೇರೂರಿದ್ದಿತೆಂದು ಹೇಳಬಹುದಾಗಿದೆ.

ನಾಲಂದೆಯಲ್ಲಿ ವೃತ್ತಿಯ ಅಂಶ ಇಲ್ಲವೇ ಇಲ್ಲವೆಂದಲ್ಲ. ಪಾಲವಂಶದ ದೇವಪಾಲನು ಸುವರ್ಣದ್ವೀಪದ ಬಾಲಪುತ್ರದೇವನ ಪ್ರಾರ್ಥನೆಯಂತೆ ಅಲ್ಲಿನ ವಿಹಾರವೊಂದಕ್ಕೆ ಐದು ಗ್ರಾಮಗಳನ್ನು ಬಿಟ್ಟ 9ನೆಯ ಶತಮಾನದ ತಾಮ್ರಶಾಸನ 1921ರಲ್ಲಿ ದೊರೆತಿದೆ. ಆ ದಾನದ ಉದ್ದೇಶಗಳಲ್ಲಿ ಚೀವರ, ಭಿಕ್ಷಾನ್ನ, ಶಯನಾಸನ, ಗ್ರಂಥಲೇಖನ, ಜೀರ್ಣೋದ್ಧಾರಗಳ ಜೊತೆಗೆ ರೋಗಿಗಳಿಗೆ ಔಷಧವೂ ಎಣಿಸಲ್ಪಟ್ಟಿದೆ. ಆದರೆ ಎಷ್ಟು ಔಷಧ, ಯಾರು ಅದನ್ನು ಮಾಡತಕ್ಕವರು ಎಂಬ ವಿವರವಿಲ್ಲ. ವಿನಯದ ನಿಯಮಗಳನ್ನು ಬಲ್ಲ ಸಂಘಕ್ಕೆ ಆ ವಿವರ ಅನಾವಶ್ಯಕವಾಗಿದ್ದಿರಬೇಕು.

ಬೆಂಕಿಯ ವಿಷಯದಲ್ಲಿ ಮಾತ್ರ ಆಚಾರವು ಸಾಲಲಿಲ್ಲ. ಮಹೀಪಾಲನ 11ನೆಯ ಆಳಿಕೆಯ ವರ್ಷದ ನಾಲಂದೆಯ ಶಾಸನವೊಂದು, ಅಗ್ನಿದಾಹಕ್ಕೆ ಸಿಕ್ಕಿದ ಕಟ್ಟಡವನ್ನು ತೈಲಾಢಕದ ಬಾಲಾದಿತ್ಯನೆಂಬುವನು ಉದ್ಧಾರಮಾಡಿದನೆಂದು ತಿಳಿಸುತ್ತದೆ. ಅದು ಕೆತ್ತಲ್ಪಟ್ಟಿರುವುದು ಬಾಗಿಲುವಾಡದ ಕಲ್ಲಿನ ಮೇಲೆ. ತಾಳೆಯೋಲೆ, ಎಣ್ಣೆಯ ದೀಪ, ಮರದ ತೊಲೆ ಇವು ಮೂರೂ ಸೇರಿದ ಕಡೆ ಇದು ಆಶ್ಚರ್ಯವಲ್ಲ. ನಗರವಾಸಿಗಳು ನೀರಿನ ಕೊಡ, ಏಣಿ, ಕೊಡಲಿ, ಮೊರ, ಕೊಕ್ಕೆ, ಚರ್ಮದ ನೀರಚೀಲ ಇವುಗಳನ್ನು ಮನೆಯಲ್ಲಿ ಸಿದ್ಧವಾಗಿಟ್ಟಿರಬೇಕು, ಇಡದವರಿಗೆ ದಂಡವೆಂದು ಕೌಟಿಲ್ಯನು ಅರ್ಥಶಾಸ್ತ್ರದ ನಾಗರಿಕಪ್ರಕರಣದಲ್ಲಿ ವಿಧಿಸಿದ್ದಾನೆ. ಸ್ನಾನಕ್ಕೆ ಗಂಟೆಯನ್ನು ಗೊತ್ತುಮಾಡಿದ ಇತ್ಸಿಂಗನ ವರ್ಣನೆಯಲ್ಲಿ ಈ ಬಗೆಯ ಅಗ್ನಿಸಾಧನಗಳಿಗೆ ಅಂಥ ಸ್ಥಾನ ದೊರೆತಿಲ್ಲ. ಅವನ ಲಕ್ಷ್ಯವೆಲ್ಲ ಶೌಚಾಶೌಚದ ಮೇಲೆ ನೆಟ್ಟಿದ್ದಿತು.

ಇನ್ನು ದಕ್ಷಿಣಕ್ಕೆ ಬಂದರೆ ಚಿತ್ರವೇ ಬೇರೆಯಾಗುತ್ತದೆ. ಪಾಲಾರ್, ಚೆಯ್ಯಾರ್, ವೇಗವತೀ ನದಿಗಳು ಕೂಡುವ ಸ್ಥಳದಲ್ಲಿ, ಈಗಿನ ಕಾಂಚೀಪುರ ಜಿಲ್ಲೆಗೆ ಸೇರಿದ ತಿರುಮುಕ್ಕೂಡಲ್ ಎಂಬ ಗ್ರಾಮವಿದೆ. ಅಲ್ಲಿನ ವಿಷ್ಣುದೇವಾಲಯದ ಗೋಡೆಯ ಮೇಲೆ ಚೋಳಚಕ್ರವರ್ತಿ ವೀರರಾಜೇಂದ್ರನ ಕಾಲದ, ಸುಮಾರು ಕ್ರಿ. ಶ. 1068ರ, ದೀರ್ಘವಾದ ಶಾಸನವುಂಟು. ಜನನಾಥಮಂಟಪವೆಂಬ ಕಟ್ಟಡದಲ್ಲಿ ಪಾಠಶಾಲೆ, ಛಾತ್ರನಿಲಯ, ವೀರಚೋಳನೆಂಬ ಹೆಸರಿನ ಆತುರಶಾಲೆ ಈ ಮೂರೂ ನಡೆಯುತ್ತಿದ್ದುವೆಂದು ಅದರಿಂದ ತಿಳಿಯುತ್ತದೆ. ಋಗ್ವೇದಕ್ಕೆ 10, ಯಜುರ್ವೇದಕ್ಕೆ 10, ರೂಪಾವತಾರಸಹಿತವಾದ ವ್ಯಾಕರಣಕ್ಕೆ 20 ಮಂದಿ ಛಾತ್ರರು. ಪಾಂಚರಾತ್ರಾದಿಗಳಿಗೆ ಸೇರಿದ ಇತರರೂ ಕೂಡಿ ಅನ್ನ ಪಡೆಯುವವರು 60 ಮಂದಿ. ಗಾತ್ರದಲ್ಲಿ ಇದು ದೊಡ್ಡ ವಿದ್ಯಾಸ್ಥಾನವಲ್ಲ. ಇದಕ್ಕೆ ನಾಲ್ಕು ದಶಕಗಳಷ್ಟು ಹಿಂದಿನ ಎಣ್ಣಾಯಿರದ ಶಾಸನದಲ್ಲಿ 340 ಮಂದಿ ಛಾತ್ರರ ಲೆಕ್ಕವಿದೆ. ಆದರೂ ಆರೋಗ್ಯದ ವಿಷಯದಲ್ಲಿ ತಿರುಮುಕ್ಕೂಡಲಿಗೆ ಸಮನಾದ ವಿವರವನ್ನು ಕೊಡುವ ಶಾಸನ ದಕ್ಷಿಣದಲ್ಲಿ ಮತ್ತೊಂದಿಲ್ಲವೆಂದರೂ ಸಲ್ಲುವುದು.

ಆತುರಶಾಲೆಯಲ್ಲಿ 15 ಹಾಸಿಗೆಗಳು. ಇವು ಛಾತ್ರರಿಗೂ ದೇವಾಲಯದ ಪರಿವಾರಕ್ಕೂ ಮೀಸಲಾದುವು. ಪ್ರತಿ ರೋಗಿಗೂ ದಿನಕ್ಕೆ ಒಂದು ನಾಳಿ ಅಕ್ಕಿ. ವೈದ್ಯನು ಕೋದಂಡರಾಮ ಅಶ್ವತ್ಥಾಮಭಟ್ಟನೆಂಬುವನು. ಅವನಿಗೆ ವರ್ಷಕ್ಕೆ 90 ಕಲಂ ಬತ್ತವೂ 8 ಕಾಸೂ ಅಲ್ಲದೆ ಭೂಮಿಯೂ ಸಲ್ಲುತ್ತಿದ್ದಿತು. ಶಸ್ತ್ರಕ್ರಿಯೆ ಮಾಡುವವನಿಗೆ 30 ಕಲಂ. ಮೂಲಿಕೆಗಳನ್ನೂ ಸೌದೆಯನ್ನೂ ತಂದು ಔಷಧವನ್ನು ಪಾಕಮಾಡುವ ಇಬ್ಬರಿಗೆ 60 ಕಲಂ, 2 ಕಾಸು. ರೋಗಿಗಳಿಗೆ ಔಷಧವನ್ನು ಕೊಟ್ಟು ಉಪಚರಿಸುವ ಇಬ್ಬರು ಹೆಂಗಸರಿಗೆ 30 ಕಲಂ, 1 ಕಾಸು. ನಾವಿದನಿಗೆ 15 ಕಲಂ, ನೀರು ತರುವವನಿಗೆ 15 ಕಲಂ. ರಾತ್ರಿಯೆಲ್ಲ ಉರಿಯುವ ಒಂದು ದೀಪ.

ಈ ಸಂಖ್ಯೆಗಳನ್ನು ಓದಿ ಮುಂದೆ ಹೋಗುವವರೇ ಹೆಚ್ಚು. ಅವುಗಳನ್ನು ಕೂಡಿ ಕಳೆದು ನೋಡಿದರೆ ವ್ಯವಸ್ಥೆಯ ಮರ್ಮ ಹೊರಬೀಳುತ್ತದೆ. ಕಲಂ ಒಂದಕ್ಕೆ 12 ಕುರುಣಿ, ಕುರುಣಿ ಒಂದಕ್ಕೆ 8 ನಾಳಿ. ಆದಕಾರಣ ಕಲಂ ಎಂದರೆ 96 ನಾಳಿ. ವರ್ಷಕ್ಕೆ 360 ದಿವಸಗಳೆಂದು ಹಿಡಿದರೆ ವೈದ್ಯನಿಗೆ ದಿನಕ್ಕೆ 24 ನಾಳಿ ಎಂದರೆ 3 ಕುರುಣಿ, ಶಸ್ತ್ರವೈದ್ಯನಿಗೆ 8 ನಾಳಿ ಎಂದರೆ 1 ಕುರುಣಿ, ಮೂಲಿಕೆ ತರುವ ಪ್ರತಿಯೊಬ್ಬನಿಗೂ ಅದೇ 8 ನಾಳಿ, ಪರಿಚಾರಿಕೆಗೂ ನಾವಿದನಿಗೂ ನೀರಿನವನಿಗೂ ತಲಾ 4 ನಾಳಿ ಬರುತ್ತದೆ. ಭಿನ್ನರಾಶಿಯಿಲ್ಲದೆ ಲೆಕ್ಕ ಹೀಗೆ ಸರಿಹೋಗುವುದರಿಂದಲೇ ವೇತನವು ದಿನದ ಕೂಲಿಯ ಮೇಲೆ ನಿರ್ಣಯಿಸಲ್ಪಟ್ಟಿತೆಂದು ತಿಳಿಯಬೇಕು. ಒಂದು ದಿನವೂ ಆ ಕೆಲಸ ತಪ್ಪತಕ್ಕದ್ದಲ್ಲವೆಂಬುದೇ ಅದರ ಅಭಿಪ್ರಾಯ. ಕಾಡಿನಲ್ಲಿ ಅಲೆದು ಮೂಲಿಕೆ ತರುವವನಿಗೆ ಶಸ್ತ್ರವೈದ್ಯನಷ್ಟೇ ಬತ್ತವೆಂಬುದು ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಶಸ್ತ್ರಕ್ಕೆ ಯೋಗ್ಯವಾದ ವ್ಯಾಧಿ ಅಪರೂಪವಾಗಿ ಬರುವುದು, ಕಷಾಯ ಪ್ರತಿದಿನವೂ ಕುದಿಯಬೇಕು. ಬತ್ತದ ಒಟ್ಟು ಮೊತ್ತ 240 ಕಲಂ. ಅದರಲ್ಲಿ ಸರಿಯಾಗಿ ಅರ್ಧ, ಎಂದರೆ 120 ಕಲಂ, ಶಾಸ್ತ್ರಜ್ಞರಲ್ಲದ ಆರು ಮಂದಿಗೆ ಸಲ್ಲುತ್ತಿದ್ದಿತು. ಚರಕನು ಹೇಳಿದ ನಾಲ್ಕು ಪಾದಗಳು ಇಲ್ಲಿ ಕಲ್ಲಿನ ಮೇಲಿನ ಆಯವ್ಯಯವಾಗಿ ಪರಿಣಮಿಸಿವೆ. ಪರಿಚಾರಕನನ್ನು ಶಾಸ್ತ್ರದಲ್ಲಿ ಒಂದು ಪಾದವೆಂದು ಹೊಗಳುವುದು ಸುಲಭ, ಅವನ ಹೆಸರಿಗೆ ಬತ್ತವನ್ನು ಬರೆಯುವುದು ಅಷ್ಟು ಸುಲಭವಲ್ಲ. ವೈದ್ಯನ ಹೆಸರು ಶಾಸನದಲ್ಲಿ ಉಳಿದಿದೆ. ಆ ಇಬ್ಬರು ಹೆಂಗಸರದು ಉಳಿದಿಲ್ಲ.

ದ್ರವ್ಯದ ವಿಷಯಕ್ಕೆ ಬಂದರೆ, ವರ್ಷವೂ ಸಂಗ್ರಹಿಸಿಡಬೇಕಾದ ಸುಮಾರು 20 ಔಷಧಗಳ ಪಟ್ಟಿಯಿದೆ. ವಾಸಾಹರೀತಕೀ, ದಶಮೂಲಹರೀತಕೀ, ಗೋಮೂತ್ರಹರೀತಕೀ, ಭಲ್ಲಾತಕಹರೀತಕೀ, ಬಿಲ್ವಾದಿಘೃತ, ಕಲ್ಯಾಣಕಲವಣ, ತಾಮ್ರಾದಿ, ವಜ್ರಕಲ್ಪ, ಸುನೇತ್ರೀ ಮೊದಲಾದ ಹೆಸರುಗಳು ಅದರಲ್ಲಿ ಬರುತ್ತವೆ. ಹರೀತಕಿಯ ಯೋಗಗಳು ನಾಲ್ಕು ಇರುವುದನ್ನು ನೋಡಿದರೆ ಛಾತ್ರನಿಲಯದಲ್ಲಿ ಕಾಸಶ್ವಾಸಗಳೂ ಉದರದ ವ್ಯಾಧಿಗಳೂ ಪ್ರಬಲವಾಗಿದ್ದಿರಬೇಕೆಂದು ಊಹಿಸಬಹುದು. ಸುನೇತ್ರೀ ಎಂಬುದು ಹೆಸರಿನಿಂದಲೇ ನೇತ್ರೌಷಧವೆಂದು ತೋರುತ್ತದೆ. ಇರುಳು ದೀಪದ ಬೆಳಕಿನಲ್ಲಿ ವಲ್ಲಿಸುವವರಿಗೆ ಅದರ ಆವಶ್ಯಕತೆಯನ್ನು ಬೇರೆ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ವಿಚಾರಯೋಗ್ಯವಾದುದು ಪುರಾಣಘೃತ. ಇದು ಹಳೆಯದಾದಷ್ಟೂ ಗುಣವುಳ್ಳದ್ದು. ಹತ್ತು ವರ್ಷ ಕಳೆದುದೇ ಪುರಾಣವೆಂಬ ಮತವು ವೈದ್ಯರಲ್ಲಿ ಪ್ರಸಿದ್ಧವಾಗಿದೆ. ಇದಕ್ಕಾಗಿ ಹಸುವಿನ ತುಪ್ಪವನ್ನು ವರ್ಷವರ್ಷವೂ ತೆಗೆದಿಡುವ ಏರ್ಪಾಡು ಮಾಡಿದವರು, ಆ ಆತುರಶಾಲೆ ತಮ್ಮ ಕಾಲಕ್ಕೆ ಮುಗಿಯುವುದಲ್ಲವೆಂದು ನಂಬಿದ್ದರೆಂಬುದರಲ್ಲಿ ಸಂದೇಹವಿಲ್ಲ.

ರೋಗ ಬಂದ ಮೇಲಿನ ಚಿಕಿತ್ಸೆಗೆ ಮಾತ್ರ ಈ ಶಾಸನ ನಿಲ್ಲುವುದಿಲ್ಲ. ಛಾತ್ರರ ಅಭ್ಯಂಜನಕ್ಕೆ ವರ್ಷದ 51 ಶನಿವಾರಗಳಿಗೂ ಎಣ್ಣೆಯನ್ನು ಗೊತ್ತುಮಾಡಿದೆ. ಐವತ್ತೆರಡಲ್ಲದೆ ಐವತ್ತೊಂದೇಕೆಂದು ಕೇಳುವವರು 360ನ್ನು ಏಳರಿಂದ ಭಾಗಿಸಿ ನೋಡಬಹುದು. ನಿಲಯಕ್ಕೆ ರಾತ್ರಿಯ ದೀಪವೂ, ಕೆಲಸದ ಹೆಂಗಸರೂ, ನೀರುಪಂದಲಿನಲ್ಲಿ ಏಲಕ್ಕಿ ಲಾವಂಚಗಳಿಂದ ಸುವಾಸಿತವಾದ ನೀರೂ ಉಂಟು. ಇದೇ ಚೋಳದೇಶದ ತಿರುವಾವಡುತುರೈಯಲ್ಲಿ 1121ರ ಶಾಸನದ ಪ್ರಕಾರ ಚರಕಸಂಹಿತೆಯನ್ನೂ ಅಷ್ಟಾಂಗಹೃದಯವನ್ನೂ ಓದುವ ಛಾತ್ರರಿಗೆ ಅನ್ನವ್ಯವಸ್ಥೆಯಿದ್ದಿತು. ಅಲ್ಲಿ ವೈದ್ಯವು ಪಾಠದ ವಿಷಯ, ತಿರುಮುಕ್ಕೂಡಲಿನಲ್ಲಿ ಪಾಠ ಓದುವವರನ್ನು ಕಾಯುವ ಸಾಧನ. ಇವೆರಡನ್ನೂ ಒಂದೇ ಎಂದು ಎಣಿಸಿ ಬರೆಯುವುದು ಸರಿಯಲ್ಲ.

ಕನ್ನಡನಾಡಿನ ಶಾಸನಗಳ ವಿಚಾರದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಸಾಲೋಟಗಿಯ ಶಾಲೆಗೆ 945ರಲ್ಲಿ ದತ್ತವಾದ ಆಸ್ತಿಯಲ್ಲಿ ನಾನಾದೇಶಗಳಿಂದ ಬಂದ ಛಾತ್ರರ ವಾಸಕ್ಕೆ 27 ಮನೆಗಳೂ, ದೀಪಕ್ಕೆ 12 ನಿವರ್ತನ ಭೂಮಿಯೂ ಸೇರಿವೆ. 1058ರ ನಾಗಾವಿಯ ಘಟಿಕಾಸ್ಥಾನದ ಶಾಸನವು ವೇದಾಧ್ಯಾಯಿಗಳು 200, ಶಾಸ್ತ್ರಾಧ್ಯಾಯಿಗಳು 50, ಉಪಾಧ್ಯಾಯರು 6, ಸರಸ್ವತೀಭಾಂಡಾರಿಗರು 6 ಎಂದು ಎಣಿಸುತ್ತದೆ. ಪುಸ್ತಕಗಳನ್ನು ಕಾಯುವುದಕ್ಕೆ ಆರು ಮಂದಿ ನೇಮಕವಾದ ಈ ಸ್ಥಾನದ ಹೆಸರು ಇತಿಹಾಸದಲ್ಲಿ ನಿಂತಿರುವುದು ಗ್ರಂಥಭಾಂಡಾರದಿಂದ, ವೈದ್ಯವೃತ್ತಿಯಿಂದಲ್ಲ.

ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ ಈ ಕೊರತೆಯನ್ನು ತುಂಬುವುದೆಂದು ಹಲವರ ಭಾವನೆ. ಕಾಳಾಮುಖಾಚಾರ್ಯರ ಆ ಮಠವು ಸಾಂಗವಾದ ನಾಲ್ಕು ವೇದಗಳಿಗೆ, ಕೌಮಾರ ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳಿಗೆ, ದರ್ಶನಗಳಿಗೆ, ಪುರಾಣ ಕಾವ್ಯ ನಾಟಕಗಳಿಗೆ ವ್ಯಾಖ್ಯಾನಸ್ಥಾನವಾಗಿದ್ದಿತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆಲ್ಲ ಅಲ್ಲಿ ಅನ್ನ ದೊರೆಯುತ್ತಿದ್ದಿತು. ನಾನಾ ರೋಗಗಳಿಂದ ಬಳಲುವ ಅನಾಥರಿಗೆ ಅದು ಚಿಕಿತ್ಸೆಯ ಸ್ಥಾನವೆಂದೂ, ಸಮಸ್ತ ಪ್ರಾಣಿಗಳಿಗೆ ಅಭಯವನ್ನು ಕೊಡುವ ಸ್ಥಾನವೆಂದೂ ಶಾಸನಕವಿ ಹೇಳಿದ್ದಾನೆ. ಆರೋಗ್ಯ, ಅಭಯ ಎಂಬ ಎರಡನ್ನೂ ವಿದ್ಯೆಯ ಜೊತೆಯಲ್ಲಿ ಒಂದೇ ಉಸಿರಿನಲ್ಲಿ ಹೇಳಿರುವುದು ಕನ್ನಡಿಗರಿಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಇದು ಪ್ರಶಸ್ತಿಯ ಭಾಗ. ವೈದ್ಯನಿಗೆ ಇಷ್ಟು ಗದ್ಯಾಣ, ಪರಿಚಾರಕನಿಗೆ ಇಷ್ಟು ಬತ್ತ ಎಂಬ ತಿರುಮುಕ್ಕೂಡಲಿನ ರೀತಿಯ ಗಣನೆ ಆ ವರ್ಣನೆಯಲ್ಲಿಲ್ಲ. ಇಷ್ಟರಿಂದ ಕೋಡಿಯಮಠದಲ್ಲಿ ಚಿಕಿತ್ಸೆ ನಡೆಯುತ್ತಿರಲಿಲ್ಲವೆಂದು ಹೇಳುವುದು ಸಾಹಸವಾದೀತು. ಊರಿನವರೆಲ್ಲ ಕಣ್ಣಾರೆ ನೋಡುವ ಮಠದ ವಿಷಯದಲ್ಲಿ ಕವಿಯು ಇಲ್ಲದುದನ್ನು ಕಲ್ಲಿನಲ್ಲಿ ಬರೆಯಿಸಿದರೆ ಪರಿಹಾಸಕ್ಕೆ ಗುರಿಯಾಗುವನು. ಮೇಲಾಗಿ ತಿರುಮುಕ್ಕೂಡಲಿನ ಹಾಸಿಗೆ ಅಲ್ಲಿನವರಿಗೆ ಮಾತ್ರ ಮೀಸಲು, ಬಳ್ಳಿಗಾವೆಯ ಬಾಗಿಲು ದಿಕ್ಕಿಲ್ಲದವರಿಗೂ ತೆರೆದಿದ್ದಿತು. ಔದಾರ್ಯದಲ್ಲಿ ಕೋಡಿಯಮಠವು ಮೇಲು, ವ್ಯವಸ್ಥೆಯ ಪ್ರಮಾಣದಲ್ಲಿ ತಿರುಮುಕ್ಕೂಡಲ್ ಮೇಲು. ಕೋಡಿಯಮಠವನ್ನು ಆಸ್ಪತ್ರೆಯೆಂದು ಬರೆಯುವವರು ಇದನ್ನು ವಿವೇಚಿಸಿ ಬರೆದರೆ ಶಾಸನಕ್ಕೂ ನ್ಯಾಯ ಸಲ್ಲುವುದು.

ನೂರು ವರ್ಷಗಳ ತರುವಾಯ ಕೃಷ್ಣಾನದಿಯ ದಕ್ಷಿಣತೀರದಲ್ಲಿ ಎರಡು ಗುಣಗಳೂ ಒಂದೆಡೆ ಸೇರಿದುದು ಕಂಡುಬರುತ್ತದೆ. ಕಾಕತೀಯ ರುದ್ರಮದೇವಿಯ ಕಾಲದ 1261ರ ಮಲ್ಕಾಪುರದ ಶಾಸನವು ಗೋಳಕೀಮಠದ ವಿಶ್ವೇಶ್ವರಶಿವಾಚಾರ್ಯನಿಗೆ ಮಂದಡಗ್ರಾಮವನ್ನು ಕೊಟ್ಟುದನ್ನು ತಿಳಿಸುತ್ತದೆ. ಆಚಾರ್ಯನು ಅಲ್ಲಿ ದೇವಾಲಯ, ಮಠ, ಪಾಠಶಾಲೆ, ಅನ್ನಸತ್ರಗಳನ್ನು ಸ್ಥಾಪಿಸಿ, ಆದಾಯದಲ್ಲಿ ಪ್ರಸೂತಿಶಾಲೆಗೂ ಆರೋಗ್ಯಶಾಲೆಗೂ ಪಾಲನ್ನು ಕಲ್ಪಿಸಿದನು. ವಿದ್ಯಾಸ್ಥಾನದ ಆವರಣದಲ್ಲಿ ಬಾಣಂತಿಯರಿಗೆ ಬೇರೆ ಶಾಲೆಯೊಂದು ಏರ್ಪಟ್ಟುದು ಮೇಲೆ ಹೇಳಿದ ಯಾವ ಸ್ಥಳದಲ್ಲಿಯೂ ಕಾಣದ ಸಂಗತಿ. ಅನ್ನಸತ್ರದಲ್ಲಿ ಬ್ರಾಹ್ಮಣರಿಂದ ಮೊದಲುಗೊಂಡು ಚಂಡಾಲರವರೆಗೆ ಯಾರು ಬಂದರೂ ತಡೆಯಿಲ್ಲದೆ ಅನ್ನವಿಕ್ಕಬೇಕೆಂಬ ವಿಧಿಯೂ ಉಂಟು. ಗ್ರಾಮದ ರಕ್ಷಣೆಗೆ ವೀರಭದ್ರರೆಂಬ ಹೆಸರಿನ ಕಾವಲುಗಾರರು ನೇಮಕವಾದರು. ಬಳ್ಳಿಗಾವೆಯಲ್ಲಿ ಕವಿಯ ಮಾತಾಗಿದ್ದ ಅಭಯವು ಇಲ್ಲಿ ಕೈಯಲ್ಲಿ ಆಯುಧ ಹಿಡಿದು ಸಂಬಳ ಪಡೆಯುವ ಮನುಷ್ಯರ ರೂಪವನ್ನು ತಾಳಿತು. ಮೂರು ವೇದಗಳನ್ನು ಹೇಳುವ ಮೂವರು, ಪದವಾಕ್ಯಪ್ರಮಾಣ ಸಾಹಿತ್ಯ ಆಗಮಗಳನ್ನು ಹೇಳುವ ಐವರು, ಹೀಗೆ ಉಪಾಧ್ಯಾಯರನ್ನು ಎಣಿಸಿದ ಶಾಸನವು ಅವರ ಜೊತೆಗೆ ಒಬ್ಬ ವೈದ್ಯನನ್ನೂ, ಲೆಕ್ಕ ಬರೆಯುವ ಒಬ್ಬ ಕಾಯಸ್ಥನನ್ನೂ ಹೆಸರಿಸಿ ಇಬ್ಬರಿಗೂ ಭೂಮಿಯನ್ನು ಬಿಟ್ಟಿದೆ.